ಅಟ್ಟದ ಮೇಲಿನ ವಿಡಿಯೋ ಕ್ಯಾಸೆಟ್ಟು ಸಾಕ್ಷ್ಯಚಿತ್ರಕ್ಕೆ ಹೋಗುವ ಮುನ್ನ: ಮಲೆನಾಡಿನವರಿಗೊಂದು ಮಾರ್ಗದರ್ಶಿ

ಮಳೆಗಾಲ ಮುಗಿದು, ದೀಪಾವಳಿಗೆ ಮನೆ ಗುಡಿಸಿ ಒರೆಸುವ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಸಾಗರದಿಂದ, ತೀರ್ಥಹಳ್ಳಿಯಿಂದ, ಹೊಸನಗರದಿಂದ. "ಅಟ್ಟದ ಮೇಲೆ ಹಳೆ ಕ್ಯಾಸೆಟ್ ಸಿಕ್ಕಿದೆ. ನಮ್ಮೂರಿನ ಬಗ್ಗೆ ಟಿವಿಯಲ್ಲಿ ಬಂದಿದ್ದನ್ನು ಅಪ್ಪ ರೆಕಾರ್ಡ್ ಮಾಡಿಟ್ಟಿದ್ದರು. ಈಗ ಸಾಕ್ಷ್ಯಚಿತ್ರ ಮಾಡುವವರು ಕೇಳ್ತಿದ್ದಾರೆ. ಮೊಬೈಲಲ್ಲಿ ತೆಗೆದು ವಾಟ್ಸಾಪ್ ಮಾಡಿದರೆ ಸಾಕಾ?"

ಸಾಕಾಗಲ್ಲ. ಯಾಕೆ ಸಾಕಾಗಲ್ಲ, ಬದಲಿಗೆ ಏನು ಮಾಡಬೇಕು ಅನ್ನುವುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಸಾಕ್ಷ್ಯಚಿತ್ರಗಳಲ್ಲಿ ಹಳೇ ಟಿವಿ ದೃಶ್ಯಗಳು ಮಸುಕಾಗಿ, ಅಗಲಕ್ಕೆ ಎಳೆದಂತೆ, ಗೆರೆಗೆರೆಯಾಗಿ ಕಾಣುತ್ತವೆ ಅಲ್ವಾ? ಹಳೆಯದು, ಹಾಗಾಗಿ ಹಾಗಿದೆ ಅಂದುಕೊಳ್ಳುತ್ತೇವೆ. ವಿಎಚ್‌ಎಸ್ (ಮನೆಗಳಲ್ಲಿ ಟಿವಿ ರೆಕಾರ್ಡ್ ಮಾಡಲು ಬಳಸುತ್ತಿದ್ದ ದೊಡ್ಡ ವಿಡಿಯೋ ಕ್ಯಾಸೆಟ್ಟು) ಕ್ಯಾಸೆಟ್ಟಿನ ಮಿತಿ ಇರುವುದು ನಿಜ. ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ ಮಾತ್ರ ಅದರಲ್ಲಿ ಉಳಿಯುತ್ತದೆ. ಆದರೆ ನಾವು ನೋಡುವ ಹಾಳುತನದಲ್ಲಿ ದೊಡ್ಡ ಪಾಲು ಕ್ಯಾಸೆಟ್ಟಿನದ್ದಲ್ಲ. ಪ್ರತಿಯ ಪ್ರತಿಯ ಪ್ರತಿ ಮಾಡಿದ್ದರಿಂದ, ತಪ್ಪು ಸೆಟ್ಟಿಂಗ್‌ನಿಂದ, ಅವಸರದಿಂದ ಬಂದದ್ದು. ಮೂಲ ಕ್ಯಾಸೆಟ್ಟಿನಿಂದ ಒಂದೇ ಒಂದು ಸಲ ಸರಿಯಾಗಿ ಪ್ರತಿ ಮಾಡಿಕೊಂಡರೆ ಮುಂದಿನದ್ದನ್ನೆಲ್ಲ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.

ಬೇಕಾಗುವ ಸಾಮಾನು: ಚಾಲೂ ಇರುವ ವಿಸಿಆರ್ (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ), ಕಂಪ್ಯೂಟರು, ಯುಎಸ್‌ಬಿ ಕ್ಯಾಪ್ಚರ್ ಸಾಧನ (ವಿಸಿಆರ್‌ನಿಂದ ಬರುವ ಸಂಕೇತವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸುವ ಪುಟ್ಟ ಪೆಟ್ಟಿಗೆ), ಎರಡು ಹಾರ್ಡ್ ಡಿಸ್ಕ್, ಒಂದು ಯುಪಿಎಸ್, ಸಿಲಿಕಾ ಜೆಲ್, ಗಾಳಿಯಾಡದ ಡಬ್ಬ, ಮಾಸ್ಕು. ಜೊತೆಗೆ ತಾಳ್ಮೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

1. ಸುಮ್ನೆ ಹಾಕಿ ನೋಡಬೇಡಿ

ಸಿಕ್ಕ ಖುಷಿಗೆ ಎಲ್ಲರೂ ಮಾಡುವ ಮೊದಲ ತಪ್ಪೇ ಇದು. ವಿಸಿಆರ್ ಇದ್ದರೆ ತಕ್ಷಣ ಕ್ಯಾಸೆಟ್ ತುರುಕುತ್ತಾರೆ. ಹತ್ತಿಪ್ಪತ್ತು ವರ್ಷ ಮಲಗಿದ್ದ ಟೇಪು ಒಳಗೇ ಸಿಕ್ಕಿಕೊಂಡು ಹರಿಯಬಹುದು.

ಮೊದಲು ಅದರ ಮೇಲೆ ಮತ್ತೆ ರೆಕಾರ್ಡ್ ಆಗದ ಹಾಗೆ ಮಾಡಿ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಮತ್ತೆ ಮತ್ತೆ ಬಳಸಿದ್ದೂ ಉಂಟು. ಅಂಥದ್ದು ಕಂಡರೆ ಸೆಲ್ಲೋಟೇಪ್ ಕಿತ್ತು ಹಾಕಿ. ಹ್ಯಾಂಡಿಕ್ಯಾಮಿಗೆ ಹಾಕುತ್ತಿದ್ದ ಮಿನಿಡಿವಿ ಮತ್ತು 8 ಎಂಎಂ ಎಂಬ ಸಣ್ಣ ಕ್ಯಾಸೆಟ್ಟುಗಳಲ್ಲಿ ಇದೇ ಕೆಲಸಕ್ಕೆ ಸರಿಸುವ ಗುಂಡಿ ಇದೆ.

ಆಮೇಲೆ ಕ್ಯಾಸೆಟ್ಟಿನ ಎಲ್ಲ ಮಗ್ಗುಲಿನ ಫೋಟೋ ತೆಗೆಯಿರಿ. ಚೀಟಿ, ಪೆನ್ನಿನಲ್ಲಿ ಗೀಚಿದ್ದು, ಹೊರಗಿನ ರಟ್ಟಿನ ಕವರು, ಎಲ್ಲವೂ ಬೇಕು.

2. ಬೂಷ್ಟು ನೋಡುವುದು

ಮಲೆನಾಡಿನ ಕ್ಯಾಸೆಟ್ಟಿಗೆ ಇದೇ ಮುಖ್ಯ ಪರೀಕ್ಷೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯ ತೇವ 65 ಶೇಕಡಾ ದಾಟಿ ಅಲ್ಲೇ ನಿಂತರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಆಷಾಢದಲ್ಲಿ ನಮ್ಮ ಮನೆಗಳ ಒಳಗೆ 80 ದಾಟುವುದು ಮಾಮೂಲಿ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಹತ್ತುವ ಬೂಷ್ಟು ಕ್ಯಾಸೆಟ್ಟನ್ನು ಬಿಡುತ್ತದೆಯೇ?

ಬಿಸಿಲಿನ ಬೆಳಕಿಗೆ ಕ್ಯಾಸೆಟ್ಟನ್ನು ಓರೆಯಾಗಿ ಹಿಡಿದು ಕಿಟಕಿಯಂತಿರುವ ಜಾಗದಲ್ಲಿ ಸುರುಳಿ ನೋಡಿ. ಆರೋಗ್ಯವಾಗಿರುವ ಟೇಪಿನ ಸುರುಳಿ ಗ್ರಾಮಫೋನ್ ತಟ್ಟೆಯ ಹಾಗೆ ನುಣುಪಾಗಿ, ಕಪ್ಪಗೆ ಹೊಳೆಯುತ್ತದೆ. ಬೂಷ್ಟು ಹಿಡಿದಿದ್ದರೆ ಅದರ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕಿ, ಇಲ್ಲವೇ ಜೇಡದ ಬಲೆಯಂಥ ಎಳೆ ಕಾಣುತ್ತದೆ. ಸುರುಳಿಯ ಅಂಚು ಒಂದೇ ಸಮ ಇಲ್ಲದೆ ಮೆಟ್ಟಿಲು ಮೆಟ್ಟಿಲಾಗಿದ್ದರೆ ಟೇಪು ಸಡಿಲವಾಗಿ ಸುತ್ತಿದೆ ಅಂತ ಅರ್ಥ. ಪಕ್ಕದ ಸಣ್ಣ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿದರೆ ಟೇಪಿನ ಒಂದು ತುಂಡು ನೇರವಾಗಿ ಕಾಣುತ್ತದೆ. ಬೆರಳು ತಾಗಿಸಬೇಡಿ.

ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಉಳಿದವುಗಳಿಂದ ಬೇರೆ ಇಡಿ. ಯಾವ ಕಾರಣಕ್ಕೂ ವಿಸಿಆರ್‌ಗೆ ಹಾಕಬೇಡಿ. ಬೂಷ್ಟಿನ ಪುಡಿ ಯಂತ್ರದ ಹೆಡ್‌ಗೆ (ಟೇಪನ್ನು ಓದುವ ಭಾಗಕ್ಕೆ) ಮೆತ್ತಿಕೊಂಡು, ಮುಂದೆ ಹಾಕುವ ಪ್ರತಿಯೊಂದು ಕ್ಯಾಸೆಟ್ಟಿಗೂ ಹರಡುತ್ತದೆ. ಒಬ್ಬರ ಮನೆಯ ಒಂದು ಕ್ಯಾಸೆಟ್ಟಿನಿಂದ ಎಂಟು ಕ್ಯಾಸೆಟ್ಟುಗಳಿಗೆ ಹೀಗೆ ಹರಡಿದ್ದನ್ನು ನಾನೇ ನೋಡಿದ್ದೇನೆ. ಮಾಸ್ಕ್ ಹಾಕಿಕೊಂಡೇ ಮುಟ್ಟಿ, ಉಸಿರಿಗೂ ಅದು ಒಳ್ಳೆಯದಲ್ಲ. ಒದ್ದೆ ಬೂಷ್ಟನ್ನು ಒರೆಸಿದರೆ ಟೇಪಿಗೆ ಇನ್ನೂ ಬಳಿದ ಹಾಗಾಗುತ್ತದೆ. ಮೊದಲು ಅದು ಒಣಗಿ ಪುಡಿಯಾಗಬೇಕು, ಆಮೇಲೆ ಶುಚಿ ಮಾಡುವುದು ಗೊತ್ತಿದ್ದವರ ಕೈಗೆ ಕೊಡಬೇಕು.

ಇನ್ನೊಂದು ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಟೇಪಿನ ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ವರ್ಷಗಟ್ಟಲೆ ತೇವ ಕುಡಿದು ಜಿಗುಟಾಗುತ್ತದೆ. ಓಡಿಸಿದರೆ ಕಿರ್ ಅನ್ನುತ್ತದೆ, ಪುಡಿ ಕಿತ್ತು ಬರುತ್ತದೆ. ಕಿತ್ತು ಬಂದ ಪುಡಿ ಅಂದರೆ ಹೋದ ಚಿತ್ರ. ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ತಜ್ಞರು ಇಂಥ ಟೇಪನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿ ಮಾಡುತ್ತಾರೆ. ಅದನ್ನು ಮನೆಯ ಓವನ್ನಿನಲ್ಲಿ ಮಾಡಲು ಹೋಗಬೇಡಿ.

3. ಒಣಗಿಸುವುದು, ಇಡುವುದು

ನಮ್ಮ ಕಡೆ ಒಣಗಿಸುವುದು ಅಂದರೆ ಅಂಗಳದ ಬಿಸಿಲು, ಇಲ್ಲವೇ ಒಲೆಯ ಮೇಲಿನ ಅಟ್ಟ. ಅಡಿಕೆಗೆ ಸರಿ, ಕ್ಯಾಸೆಟ್ಟಿಗೆ ಅಲ್ಲ. ಬಿಸಿಲಿಗೆ ಟೇಪು ಹಿಗ್ಗಿ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಕೂತರೆ ಹೋಗುವುದಿಲ್ಲ. ಫ್ರಿಜ್ಜೂ ಬೇಡ, ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ನುಸಿಗುಳಿಗೆ ಹತ್ತಿರ ಇಡಬೇಡಿ.

ಸರಿಯಾದ ದಾರಿ ಸರಳವಾಗಿದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ, ಕ್ಯಾಸೆಟ್ಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಅಡ್ಡ ಮಲಗಿಸಬೇಡಿ. ಒಳಗೊಂದು ತೇವಮಾಪಕ ಇಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು ಅದೇ. ಮುಳ್ಳು 30ರಿಂದ 50ರ ನಡುವೆ ಇರಲಿ. ಸಿಲಿಕಾದ ಬಣ್ಣ ಬದಲಾದರೆ ಹೊಸದು ಹಾಕಿ, ಇಲ್ಲವೇ ಅದನ್ನೇ ಬಿಸಿ ಮಾಡಿ ಮತ್ತೆ ಬಳಸಿ.

ಪ್ರತಿ ಮಾಡುವ ಕೆಲಸವನ್ನು ದೀಪಾವಳಿಯಿಂದ ಶಿವರಾತ್ರಿಯೊಳಗೆ ಇಟ್ಟುಕೊಳ್ಳಿ. ಜಡಿಮಳೆಯ ದಿನ ಡಬ್ಬ ತೆರೆಯಲೇಬೇಡಿ. ಆ ದಿನಗಳಲ್ಲಿ ವಿಸಿಆರ್ ಒಳಗಿನ ಲೋಹದ ಉರುಳೆಯ ಮೇಲೂ ಸಣ್ಣ ಹನಿ ಕೂರುತ್ತದೆ, ಟೇಪು ಅದಕ್ಕೆ ಅಂಟಿಕೊಂಡು ಹರಿಯುತ್ತದೆ.

4. ಯಂತ್ರ

ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಹಾಗಾಗಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಕ್ಯಾಸೆಟ್ ಸಿಕ್ಕ ಮನೆಯಲ್ಲೇ ಹಳೇ ವಿಸಿಆರ್ ಇದೆಯಾ ಅಂತ ಕೇಳಿ. ಯಾವ ಯಂತ್ರದಲ್ಲಿ ರೆಕಾರ್ಡ್ ಆಯಿತೋ ಅದರಲ್ಲೇ ಟೇಪು ಚೆನ್ನಾಗಿ ಓಡುವುದು ಜಾಸ್ತಿ.

ಯಾವ ಯಂತ್ರವಾದರೂ ಮೊದಲು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಒಳಗಿನ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ, ಚಿತ್ರ ಓದುವ ಹೆಡ್‌ಗಳು ಅದರ ಅಂಚಿನಲ್ಲಿವೆ, ತೀರಾ ನಾಜೂಕು. ಶುಚಿ ಮಾಡಲು ಎಳೆ ಬಿಡದ ಬಟ್ಟೆ ಅಥವಾ ಕಾಗದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಕೈ ಅಲ್ಲಾಡಿಸದೆ ಹಿಡಿದು, ಡ್ರಮ್ಮನ್ನು ಮೆಲ್ಲಗೆ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ನಂತರ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಬಿಗಿ ಸಮವಾಗುತ್ತದೆ.

5. ಪ್ರತಿ ಮಾಡುವುದು

ಇಲ್ಲಿ ನಿಧಾನ ಮಾಡಿ. ಹೆಚ್ಚಿನ ಹಾನಿ ಆಗುವುದು ಇಲ್ಲೇ.

ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್. ಸೆಕೆಂಡಿಗೆ 25 ಚಿತ್ರ, ಒಟ್ಟು 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576. ಆದ್ದರಿಂದ ಕ್ಯಾಪ್ಚರ್ ತಂತ್ರಾಂಶದಲ್ಲಿ 720 ಗುಣಿಸು 576, ಸೆಕೆಂಡಿಗೆ 25 ಅಂತ ಇಡಬೇಕು. ಎಷ್ಟೋ ತಂತ್ರಾಂಶಗಳು ತಾವಾಗಿಯೇ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಹೊಂದಿಕೊಂಡಿರುತ್ತವೆ. ಹಾಗೇ ಬಿಟ್ಟರೆ 480 ಗೆರೆಗೆ ಇಳಿದು, ಓಡುವ ಬಸ್ಸು ಕುಂಟುತ್ತಾ ಹೋದಂತೆ ಕಾಣುತ್ತದೆ.

ಹಳೇ ಟಿವಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ. ಅಂದರೆ ಒಂದು ಚಿತ್ರವನ್ನು ಎರಡು ಅರ್ಧವಾಗಿ ತೋರಿಸುತ್ತದೆ: ಮೊದಲು ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಸೆಕೆಂಡಿಗೆ 50 ಅರ್ಧಚಿತ್ರ. ಕಂಪ್ಯೂಟರಿನಲ್ಲಿ ನೋಡಿದಾಗ ಓಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುವುದು ಇದರಿಂದಲೇ. ಅದು ದೋಷವಲ್ಲ. ಪ್ರತಿ ಮಾಡುವಾಗ ಅದನ್ನು ತೆಗೆಯಬೇಡಿ. ತೆಗೆದರೆ ಅರ್ಧ ಚಲನೆ ಹೋಯಿತು, ಮತ್ತೆ ಬರುವುದಿಲ್ಲ.

ವಿಸಿಆರ್‌ನಲ್ಲಿ ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ವಯರಿನ ಬದಲು ಅದನ್ನು ಬಳಸಿ, ಬಣ್ಣ ಸ್ವಚ್ಛವಾಗಿರುತ್ತದೆ. ಚಿತ್ರದ ಮೇಲ್ಭಾಗ ಬಾಗಿದಂತೆ, ನೆಟ್ಟನೆಯ ಕಂಬ ಹಾವಿನ ಹಾಗೆ ಅಂಕುಡೊಂಕಾದರೆ ಟಿಬಿಸಿ ಬೇಕು. ಅದು ಪ್ರತಿ ಗೆರೆಯನ್ನೂ ಸರಿಯಾದ ಕ್ಷಣಕ್ಕೆ ಹೊರಡಿಸಿ ನೆಟ್ಟಗೆ ಮಾಡುವ ಸಾಧನ. ಕೆಲವು ಹಳೇ ಡಿವಿಡಿ ರೆಕಾರ್ಡರುಗಳ ಮೂಲಕ ಹಾಯಿಸಿದರೂ ಸಾಕಷ್ಟು ಸರಿಯಾಗುತ್ತದೆ.

ಫೈಲನ್ನು ಎಫ್‌ಎಫ್‌ವಿ1 ರೂಪದಲ್ಲಿ, ಎಂಕೆವಿ ಕಡತವಾಗಿ ಉಳಿಸಿ. ಇದು ಒಂದು ಚುಕ್ಕಿಯನ್ನೂ ಬಿಡದೆ ಗಾತ್ರವನ್ನು ಮಾತ್ರ ಕಡಿಮೆ ಮಾಡುವ ವಿಧಾನ, ಉಚಿತ, ಸಂಗ್ರಹಾಲಯಗಳೂ ಬಳಸುತ್ತವೆ. ಏನೂ ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಇದರಲ್ಲಿ ಅದು 30 ಜಿಬಿಯ ಆಸುಪಾಸಿಗೆ ಬರುತ್ತದೆ. ಧ್ವನಿಯನ್ನು ಪಿಸಿಎಂ (ಕುಗ್ಗಿಸದ) ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಇಡಿ.

ಮಿನಿಡಿವಿ ಕ್ಯಾಸೆಟ್ಟಿನ ಕಥೆ ಬೇರೆ. ಅದರೊಳಗೆ ಇರುವುದೇ ಡಿಜಿಟಲ್ ಮಾಹಿತಿ. ಫೈರ್‌ವೈರ್ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಹಳೇ ಬಗೆಯ) ಕೇಬಲ್ಲಿನಿಂದ ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಳ್ಳಿ, ಗಂಟೆಗೆ ಸುಮಾರು 13 ಜಿಬಿ. ಹಳದಿ ವಯರು ಹಾಕಿ ಅದನ್ನು ಹಾಳು ಮಾಡಬೇಡಿ.

ಮೂರು ಎಚ್ಚರಿಕೆ. ಮೊದಲನೆಯದು ಕರೆಂಟು. ಕ್ಯಾಸೆಟ್ ಓಡುವಾಗ ಕರೆಂಟ್ ಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಂತುಬಿಡುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ವಿಸಿಆರ್‌ಗೆ ಇಲ್ಲ. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಎರಡನೆಯದು, ಅಂಗಡಿಗೆ ಕೊಡುವುದಾದರೆ ಏನು ಬೇಕು ಅಂತ ಬರೆದು ಕೊಡಿ. ಒಂದು ಸ್ಟುಡಿಯೋಕ್ಕೆ ನಾನು ಕೊಟ್ಟ ಕ್ಯಾಸೆಟ್ ಡಿವಿಡಿಯಾಗಿ ಬಂತು, ಮೇಲೆ ಅವರ ಹೆಸರಿನ ಮುದ್ರೆ, ನಡುನಡುವೆ ಅವರಿಗೆ ಬೇಡ ಅನ್ನಿಸಿದ್ದಕ್ಕೆ ಕತ್ತರಿ. ಮೂರನೆಯದು ಅದಕ್ಕೇ ಸಂಬಂಧಿಸಿದ್ದು: ಮೊದಲಿನಿಂದ ಕೊನೆಯವರೆಗೆ ಬಿಡದೆ ಪ್ರತಿ ಮಾಡಿ. ಜಾಹೀರಾತು, ಉದ್ಘೋಷಕಿಯ ಮಾತು, ಅರ್ಧಕ್ಕೆ ನಿಂತ ವಾರ್ತೆ, ಖಾಲಿ ಜಾಗ ಎಲ್ಲವೂ ಇರಲಿ. ಮದುವೆ ಕ್ಯಾಸೆಟ್ಟಿನ ಬಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದ ವಾರ್ತೆಯ ತುಣುಕು ನನಗೆ ಸಿಕ್ಕಿದೆ. ಖಾಲಿ ಅಂತ ಎಲ್ಲರೂ ಬಿಟ್ಟಿದ್ದ ಜಾಗ ಅದು.

6. ದಿನಾಂಕ ಹುಡುಕುವುದು

ಯಾವಾಗಿನದ್ದು ಅಂತ ಗೊತ್ತಿಲ್ಲದ ದೃಶ್ಯ ಸಾಕ್ಷ್ಯಚಿತ್ರದಲ್ಲಿ ಸುಳ್ಳು ಹೇಳುತ್ತದೆ. ಚೀಟಿಯ ಮೇಲಿನ ದಿನಾಂಕವನ್ನು ಪೂರ್ತಿ ನಂಬಬೇಡಿ, ಕ್ಯಾಸೆಟ್ಟುಗಳನ್ನು ಅಳಿಸಿ ಬಳಸುತ್ತಿದ್ದ ಕಾಲ ಅದು. ಚಿತ್ರದ ಒಳಗೇ ಹುಡುಕಿ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ದೇಶದ ಟಿವಿಗೆ ಬಣ್ಣ ಬಂದದ್ದು 1982ರಲ್ಲಿ. ಉದಯ ಟಿವಿಯ ಗುರುತು ಮೂಲೆಯಲ್ಲಿದ್ದರೆ 1994ಕ್ಕಿಂತ ಹಿಂದಿನದ್ದಲ್ಲ. ವಾಹನದ ಮೇಲೆ ಕೆಎ-14 ಇದ್ದರೆ ಶಿವಮೊಗ್ಗದ ನೋಂದಣಿ, ಕೆಎ-15 ಸಾಗರದ್ದು. ಈ ಕೆಎ ಸರಣಿ 1989ರ ನಂತರದ್ದು. ಹೊನ್ನಾಳಿ, ಚನ್ನಗಿರಿಯನ್ನು ಶಿವಮೊಗ್ಗ ಜಿಲ್ಲೆ ಅಂತ ಹೇಳಿದರೆ 1997ಕ್ಕಿಂತ ಮುಂಚಿನದ್ದು, ಆ ವರ್ಷ ಅವು ದಾವಣಗೆರೆಗೆ ಸೇರಿದವು. ಇಂಗ್ಲಿಷ್ ಬೋರ್ಡುಗಳಲ್ಲಿ ಶಿಮೊಗ ಹೋಗಿ ಶಿವಮೊಗ್ಗ ಅಂತ ಅಧಿಕೃತವಾದದ್ದು 2014ರ ನವೆಂಬರಿನಲ್ಲಿ. ಹಳೇ ಬೋರ್ಡುಗಳು ಆಮೇಲೂ ಉಳಿದಿದ್ದವು, ಹಾಗಾಗಿ ಒಂದೇ ಸುಳಿವಿಗೆ ಜೋತು ಬೀಳಬೇಡಿ, ಎರಡು ಮೂರು ಕೂಡಿಸಿ ನೋಡಿ.

ಇದಕ್ಕಿಂತ ದೊಡ್ಡ ಸುಳಿವು ಮನುಷ್ಯರು. ಫೈಲಿನ ಒಂದು ಪ್ರತಿಯನ್ನು ಊರಿನ ಹಿರಿಯರಿಗೆ ತೋರಿಸಿ. "ಇವರು ನಮ್ಮ ದೊಡ್ಡಪ್ಪ, ಹಿಂದೆ ನಿಂತವರು ಶಾಲೆ ಮೇಷ್ಟ್ರು" ಅಂತ ಅವರು ಹೇಳಿದ್ದನ್ನು ಗಂಟೆ ನಿಮಿಷ ಸಮೇತ ಬರೆದುಕೊಳ್ಳಿ. ಟೇಪು ಇನ್ನೂ ಹತ್ತು ವರ್ಷ ಉಳಿಯಬಹುದು. ಆ ಮುಖಗಳನ್ನು ಗುರುತಿಸಬಲ್ಲವರು ಅಷ್ಟು ದಿನ ಇರುತ್ತಾರೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಈ ಕೆಲಸ ಮುಂದೂಡಬೇಡಿ.

7. ಪ್ರತಿಗಳನ್ನು ಕಾಯುವುದು

ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಬೆಂಗಳೂರಿನಲ್ಲಿರುವ ತಮ್ಮನ ಮನೆಯಾದರೂ ಸರಿ. ಪೆನ್‌ಡ್ರೈವ್ ಸಾಗಿಸಲು ಮಾತ್ರ, ಇಡಲು ಅಲ್ಲ. ಯೂಟ್ಯೂಬಿಗೆ ಹಾಕಿದ್ದು ತೋರಿಸಲು ಮಾತ್ರ, ಅದು ಚಿತ್ರವನ್ನು ಕುಗ್ಗಿಸಿ ಇಡುತ್ತದೆ.

ಪ್ರತಿ ಫೈಲಿಗೂ ಎಂಡಿ5 ಸಂಖ್ಯೆ ತೆಗೆದು ಬರೆದಿಡಿ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದು ಅಕ್ಷರ ಕೆಟ್ಟರೂ ಸಂಖ್ಯೆ ಬದಲಾಗುತ್ತದೆ. ವರ್ಷಕ್ಕೊಮ್ಮೆ ತಾಳೆ ನೋಡಿ.

8. ಸಾಕ್ಷ್ಯಚಿತ್ರದೊಳಗೆ ಬಳಸುವಾಗ

ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಸಂಕಲನದ ಮೇಜಿನ ಮೇಲೆ ಹಾಳು ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಚಿತ್ರ ಮಾಡುವವರಿಗೆ ಕೊಡುವಾಗ ಈ ಮಾತುಗಳನ್ನು ಹೇಳಿಯೇ ಕೊಡಿ.

ಹಳೇ ಟಿವಿಯ ಚೌಕಟ್ಟು 4:3. ಈಗಿನ ಅಗಲ ಪರದೆ ತುಂಬಿಸಲು ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ತಲೆ ಹೋಗುತ್ತದೆ, ಕೆಳಗಿನ ಅಕ್ಷರ ಹೋಗುತ್ತದೆ. 1920 ಗುಣಿಸು 1080ರ ಪರದೆಯಲ್ಲಿ 1440 ಗುಣಿಸು 1080 ಜಾಗದಲ್ಲಿ ಇಟ್ಟು, ಎರಡೂ ಕಡೆ ಕಪ್ಪು ಬಿಟ್ಟರೆ ಚಿತ್ರ ಇದ್ದ ಹಾಗೇ ಇರುತ್ತದೆ. ಇಂಟರ್‌ಲೇಸ್ ಬಿಡಿಸುವುದಾದರೆ ಸೆಕೆಂಡಿಗೆ 50 ಚಿತ್ರ ಬರುವಂತೆ ಬಿಡಿಸಿ, ಅದನ್ನೂ ಪ್ರತಿಯ ಮೇಲೆ ಮಾತ್ರ. ಚಿತ್ರದ ಕೆಳತುದಿಯಲ್ಲಿ ನಡುಗುವ ಪಟ್ಟಿ ವಿಎಚ್‌ಎಸ್‌ನ ಸ್ವಭಾವ, ಅದನ್ನು ಮರೆ ಮಾಡಿದರೆ ಸಾಕು.

ಎಐ ಬಳಸಿ ಸ್ಪಷ್ಟ ಮಾಡುವುದು ಈಗ ಎಲ್ಲ ಕಡೆ ನಡೆದಿದೆ. ಇದನ್ನು ನಾನು ಒಪ್ಪುವುದಿಲ್ಲ. ಟೇಪಿನಲ್ಲಿ ಇಲ್ಲದ ವಿವರವನ್ನು ಅದು ಊಹಿಸಿ ಬರೆಯುತ್ತದೆ. ಮಸುಕಾದ ಮುಖಕ್ಕೆ ಬೇರೆ ಯಾರದೋ ಕಣ್ಣು, ಬೇರೆ ಯಾರದೋ ಹಲ್ಲು ಕೂರಿಸುತ್ತದೆ. ಕಥಾಚಿತ್ರಕ್ಕೆ ಏನಾದರೂ ಮಾಡಿಕೊಳ್ಳಲಿ. ಇತಿಹಾಸ ಹೇಳುವಾಗ ಅದು ಆ ಮನುಷ್ಯನ ಮುಖ ಅಲ್ಲ. ಹಾಗೆಯೇ ಹಳೆಯದಾಗಿ ಕಾಣಲಿ ಅಂತ ಗೀರು, ಚುಕ್ಕಿ ಸೇರಿಸುವುದೂ ತಪ್ಪು. ಉದ್ದಕ್ಕೆ ಬೀಳುವ ಗೀರು ಸಿನಿಮಾ ರೀಲಿನದ್ದು, ವಿಡಿಯೋ ಟೇಪಿನದ್ದಲ್ಲ.

ಇನ್ನು ಬಳಸುವ ಜಾಗ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿಗೆ ಊರು ಮುಳುಗಿ ಶರಾವತಿ ಕಣಿವೆಯ ಜನ ಗಂಟುಮೂಟೆ ಕಟ್ಟಿದಾಗ ನಮ್ಮ ರಾಜ್ಯದಲ್ಲಿ ಟಿವಿ ಕೇಂದ್ರವೇ ಇರಲಿಲ್ಲ. 1951ರ ಕಾಗೋಡು ಸತ್ಯಾಗ್ರಹಕ್ಕೂ ಇದೇ ಮಾತು. ಆ ಕಾಲದ ಚಲಿಸುವ ಚಿತ್ರ ಏನಾದರೂ ಇದ್ದರೆ ಅದು ಫಿಲ್ಮಿನ ಮೇಲಿನದ್ದು. ಮುಳುಗಡೆಯ ಮಾತಾಡುವಾಗ ಹಿಂದೆ ಬಣ್ಣದ ವಿಡಿಯೋ ಓಡುತ್ತಿದ್ದರೆ ಅದು ಬೇರೆ ಯಾವುದೋ ವರ್ಷದ ನೀರು. ಬಳಸಬಾರದು ಅಂತಲ್ಲ. ಮೂಲೆಯಲ್ಲಿ "ಸಾಂದರ್ಭಿಕ ದೃಶ್ಯ, ಇಂಥ ವರ್ಷದ್ದು" ಅಂತ ಬರೆಯಲೇಬೇಕು. ಸಿಗಂದೂರಿನ ಲಾಂಚಿನ ದೃಶ್ಯಕ್ಕೂ ಈಗ ವರ್ಷ ಬರೆಯುವುದು ಮುಖ್ಯ. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ, ಬಸ್ಸು ಜೀಪು ಹೊತ್ತು ಹಿನ್ನೀರು ದಾಟುತ್ತಿದ್ದ ಆ ಲಾಂಚು ಇತಿಹಾಸದ ಕಡೆ ಸರಿಯಿತು. ನಿಮ್ಮ ಮೊಬೈಲಿನಲ್ಲಿರುವ ಅದರ ವಿಡಿಯೋವನ್ನೂ ಕ್ಯಾಸೆಟ್ಟಿನಷ್ಟೇ ಜೋಪಾನ ಮಾಡಿ.

9. ಹಕ್ಕು

ಕ್ಯಾಸೆಟ್ ನಿಮ್ಮದು ಅಂದ ಮಾತ್ರಕ್ಕೆ ಕಾರ್ಯಕ್ರಮ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಸಾರ ಮಾಡಿದವರ ಹಕ್ಕು, ಪ್ರಸಾರವಾದ ಮರುವರ್ಷದಿಂದ 25 ವರ್ಷ. ಚಲನಚಿತ್ರದ ಹಕ್ಕು 60 ವರ್ಷ. ಒಳಗಿನ ಹಾಡು, ಸಂಗೀತಕ್ಕೆ ಬೇರೆ ಹಕ್ಕುದಾರರಿರಬಹುದು. ಮನೆಯಲ್ಲಿ ಉಳಿಸಿಕೊಳ್ಳುವುದು ಬೇರೆ, ಚಿತ್ರದಲ್ಲಿ ಸೇರಿಸಿ ತೋರಿಸುವುದು ಬೇರೆ. ದೂರದರ್ಶನದ್ದಾದರೆ ಪ್ರಸಾರ ಭಾರತಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಬೇಕು. ಅವರ ಬಳಿಯೇ ಒಳ್ಳೆಯ ಪ್ರತಿ ಇದೆಯಾ ಅಂತ ಅದೇ ಪತ್ರದಲ್ಲಿ ಕೇಳಿ. ಆಗಿನ ಕಾಲದಲ್ಲಿ ಜಗತ್ತಿನ ಎಷ್ಟೋ ಟಿವಿ ಸಂಸ್ಥೆಗಳು ದುಬಾರಿ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದವು. ಬಿಬಿಸಿಯಲ್ಲೇ ಹೀಗೆ ಕಳೆದುಹೋದ ಕಾರ್ಯಕ್ರಮಗಳಿವೆ, ಕೆಲವು ಮರಳಿ ಸಿಕ್ಕಿದ್ದು ಖಾಸಗಿ ಸಂಗ್ರಹಗಳಿಂದ. ನಿಮ್ಮ ಅಟ್ಟದ ಮೇಲಿನದ್ದೇ ಉಳಿದಿರುವ ಒಂದೇ ಪ್ರತಿಯಾಗಿರಲೂಬಹುದು.

10. ಕ್ಯಾಸೆಟ್ ಎಸೆಯಬೇಡಿ

ಕಂಪ್ಯೂಟರಿಗೆ ಬಂದಾಯಿತಲ್ಲ ಅಂತ ಗುಜರಿಗೆ ಹಾಕುವವರಿದ್ದಾರೆ. ಈಗ ವಿಸಿಆರ್‌ನ ಹೆಡ್ ಓದುವ ಮೂಲ ಸಂಕೇತವನ್ನೇ ನೇರವಾಗಿ ಹಿಡಿದು, ಉಳಿದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವ ಉಚಿತ ತಂತ್ರಾಂಶ ಬಂದಿದೆ. ಯಂತ್ರದ ಹಳೇ ಸರ್ಕ್ಯೂಟುಗಳನ್ನು ದಾಟಿ ಬರುವಾಗ ಆಗುತ್ತಿದ್ದ ನಷ್ಟ ಅದರಲ್ಲಿ ತಪ್ಪುತ್ತದೆ. ಇಂದು ತೆಗೆದದ್ದಕ್ಕಿಂತ ಚೆನ್ನಾದ ಪ್ರತಿ ನಾಳೆ ಅದೇ ಟೇಪಿನಿಂದ ಸಿಗಬಹುದು. ಪೂರ್ತಿ ಹಿಂದಕ್ಕೆ ಸುತ್ತಿ, ಕವರಿಗೆ ಹಾಕಿ, ಡಬ್ಬದಲ್ಲಿ ನಿಲ್ಲಿಸಿ. ಮುಚ್ಚಳದ ಮೇಲೆ ಸಿಲಿಕಾ ಬದಲಿಸಿದ ತಾರೀಕು ಬರೆಯಿರಿ. ಮುಂದಿನ ಸಲ ನೋಡುವುದು ಮೃಗಶಿರ ಮಳೆ ಹಿಡಿಯುವುದಕ್ಕೆ ಮುಂಚೆ.